ಸಿಗಾರ್ ತುದಿ ಕತ್ತರಿಸುವುದು ಹೇಗೆ? ಹೊಸಬರಿಗೆ ಹಂತ ಹಂತದ ಮಾರ್ಗದರ್ಶಿ

ಕೈಯಲ್ಲಿ ಸುತ್ತಿದ ಸಿಗಾರ್‌ನ ಒಂದು ತುದಿ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಮುಚ್ಚಿದ್ದನ್ನು ತೆರೆಯದೆ ಹೊಗೆ ಬಾಯಿಗೆ ಬರುವುದಿಲ್ಲ. ಕೆಲಸ ಎರಡು ಸೆಕೆಂಡಿನದು. ಆದರೂ ಹೊಸಬರ ಸಿಗಾರ್ ಕೆಡುವುದು ಹೆಚ್ಚಾಗಿ ಈ ಎರಡು ಸೆಕೆಂಡಿನಲ್ಲೇ. ಜಾಸ್ತಿ ಕತ್ತರಿಸಿಬಿಡುತ್ತಾರೆ. ಅರ್ಧ ಸೇದುವಷ್ಟರಲ್ಲಿ ಮೇಲಿನ ಎಲೆ ಬಿಚ್ಚಿಕೊಂಡು ತುಟಿಗೆ ಅಂಟುತ್ತದೆ, ಬಾಯಿ ತುಂಬ ಸೊಪ್ಪಿನ ಚೂರು. ವಿದೇಶದಿಂದ ಬಂದ ಭಾವ ಪ್ರೀತಿಯಿಂದ ಕೊಟ್ಟ ಸಾವಿರಾರು ರೂಪಾಯಿಯ ಸಿಗಾರ್ ಆದರೂ ಅಷ್ಟೇ, ಅಗ್ಗದ್ದಾದರೂ ಅಷ್ಟೇ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಸಿಗಾರ್ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲೇ ಇಟ್ಟುಕೊಂಡು ಬಿಡುತ್ತಾರೆ. ಹಾಗಂತ ಅದು ಸಿಗರೇಟಿಗಿಂತ ಸೇಫ್ ಅಂದುಕೊಳ್ಳಬೇಡಿ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಇದ್ದೇ ಇದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಸೇದದವರು ಸೇದದೇ ಇರುವುದೇ ಒಳ್ಳೆಯದು. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1000 ರೂಪಾಯಿವರೆಗೆ ದಂಡ. ಇಷ್ಟು ಗೊತ್ತಿದ್ದೂ ಕೈಯಲ್ಲಿ ಸಿಗಾರ್ ಇದೆ ಅನ್ನುವವರು ಮುಂದೆ ಓದಿ.

ಟೋಪಿ ಹೇಗೆ ಕೂತಿದೆ ಅಂತ ಮೊದಲು ನೋಡಿ

ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಬಾಯಿಪಾಠ ಮಾಡಬೇಕಿಲ್ಲ. ಸಿಗಾರ್ ಹೇಗೆ ಸುತ್ತುತ್ತಾರೆ ಅಂತ ತಿಳಿದರೆ ಸಾಕು, ಉಳಿದದ್ದು ತಾನಾಗಿ ಹೊಳೆಯುತ್ತದೆ.

ಕ್ಯೂಬಾದ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವವರನ್ನು ತೋರ್ಸೆದೋರ್ ಅನ್ನುತ್ತಾರೆ. ಅವರ ಮುಂದೆ ಒಂದು ಮರದ ಹಲಗೆ, ಚಾವೇತಾ ಎಂಬ ಹಿಡಿಯಿಲ್ಲದ ಬಾಗಿದ ಬ್ಲೇಡು, ಪುಟ್ಟ ಡಬ್ಬಿಯಲ್ಲಿ ಗಿಡದಿಂದ ತೆಗೆದ ಅಂಟು. ಒಳಗಿನ ಸೊಪ್ಪನ್ನು ಮಡಿಸಿ ಜೋಡಿಸುತ್ತಾರೆ. ಇದು ಫಿಲ್ಲರ್. ಅದರ ಸುತ್ತ ಬೈಂಡರ್ ಎಂಬ ಗಟ್ಟಿ ಎಲೆ ಸುತ್ತಿ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಕೊನೆಗೆ ನೋಡಲು ಚೆಂದದ, ತೆಳ್ಳನೆಯ ರ‍್ಯಾಪರ್ ಎಲೆ. ಇದನ್ನು ಬೆಂಕಿ ಹಚ್ಚುವ ತುದಿಯಿಂದ ಶುರುಮಾಡಿ, ಓರೆಯಾಗಿ ಸುತ್ತುತ್ತಾ, ಬಾಯಿಗಿಡುವ ತುದಿಗೆ ತಂದು ಮುಗಿಸುತ್ತಾರೆ. ಅಲ್ಲಿ ಎಲೆಯ ಕೊನೆಗೆ ಅಂಟು ಸವರಿ ಕೂರಿಸಿ, ಅದೇ ಬಗೆಯ ಎಲೆಯ ದುಂಡನೆಯ ಚೂರೊಂದನ್ನು ಮೇಲೆ ಮೆತ್ತುತ್ತಾರೆ. ಇದೇ ಕ್ಯಾಪ್, ಸಿಗಾರ್‌ನ ಟೋಪಿ.

ಗಮನಿಸಿದಿರಾ? ರ‍್ಯಾಪರ್ ಕೊನೆಯಾಗುವುದು ಬಾಯಿಯ ಕಡೆ. ಉದ್ದಕ್ಕೂ ಸುತ್ತಿದ ಆ ಎಲೆಯನ್ನು ಹಿಡಿದಿಟ್ಟಿರುವುದು ಈ ತುದಿಯ ಒಂದಿಷ್ಟು ಅಂಟು ಮತ್ತು ಟೋಪಿಯ ಅಂಚು. ಟೋಪಿಯನ್ನು ಪೂರ್ತಿ ಹಾರಿಸಿಬಿಟ್ಟರೆ ಎಲೆಗೆ ಹಿಡಿತವೇ ಇರುವುದಿಲ್ಲ. ಬಾಯಿಯ ತೇವ ತಾಗುತ್ತಿದ್ದಂತೆ ಅದು ಬಿಚ್ಚಿಕೊಳ್ಳಲು ಶುರುಮಾಡುತ್ತದೆ.

ಎಳನೀರು ಕೊಚ್ಚುವವರ ಕೈ ನೋಡಿದ್ದೀರಲ್ವಾ? ಮೇಲಿಂದ ತೆಳ್ಳಗೆ ಹೆರೆದು, ಬಿಳಿ ಕಂಡ ತಕ್ಷಣ ಮಚ್ಚು ನಿಲ್ಲಿಸುತ್ತಾರೆ. ಸಿಗಾರ್‌ಗೂ ಅದೇ ಲೆಕ್ಕ. ಒಳಗಿನ ಸೊಪ್ಪು ಕಾಣುವಷ್ಟು ಬಾಯಿ ತೆರೆಯಬೇಕು, ಟೋಪಿಯ ಅಂಚು ಮಾತ್ರ ಉಂಗುರದಂತೆ ಸುತ್ತಲೂ ಉಳಿಯಬೇಕು.

ಸಿಗಾರ್ ತಲೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ತುದಿ ದುಂಡಗಿದೆ, ಕೆಳಗೆ ಬರುತ್ತಾ ನೆಟ್ಟಗಾಗುತ್ತದೆ. ದುಂಡು ಮುಗಿದು ನೇರ ಶುರುವಾಗುವ ಜಾಗಕ್ಕೆ ಭುಜ ಅನ್ನೋಣ. ಅದಕ್ಕಿಂತ ಇನ್ನೂ ಸ್ವಲ್ಪ ಕೆಳಗೆ ಟೋಪಿ ಮುಗಿಯುವ ಸಣ್ಣ ಗೆರೆ ಕಾಣುತ್ತದೆ. ಕ್ಯೂಬಾ ಶೈಲಿಯಲ್ಲಿ ಸುತ್ತಿದ್ದರೆ ಇಂಥ ಗೆರೆಗಳು ಒಂದರ ಕೆಳಗೊಂದು ಮೂರು ಕಾಣಬಹುದು. ನೀವು ಕತ್ತರಿಸಬೇಕಾದ್ದು ಭುಜಕ್ಕಿಂತ ಒಂದು ಕೂದಲು ಮೇಲೆ. ಅಳತೆ ಬೇಕೇ ಬೇಕು ಅಂದರೆ ತುದಿಯಿಂದ ಸುಮಾರು 1.5ರಿಂದ 2 ಮಿ.ಮೀ. ಕೊನೆಯ ಗೆರೆಯನ್ನು ಯಾವ ಕಾರಣಕ್ಕೂ ದಾಟಬೇಡಿ.

ಒಣಗಿದೆಯಾ ನೋಡಿ

ಬ್ಲೇಡು ಎಷ್ಟೇ ಹರಿತವಿದ್ದರೂ ಒಣಗಿದ ಸಿಗಾರ್ ಸೀಳುತ್ತದೆ. ತಲೆಯಿಂದ ಶುರುವಾದ ಬಿರುಕು ಕೆಳಗಿನವರೆಗೂ ಓಡುತ್ತದೆ. ಆದ್ದರಿಂದ ಕಟರ್ ತೆಗೆಯುವ ಮುಂಚೆ ಸಿಗಾರ್‌ನ ನಡುವೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ತುಸು ಒಳಗೆ ಹೋಗಿ ಮತ್ತೆ ಮೇಲೆ ಬಂದರೆ ಸರಿಯಾಗಿದೆ. ಚರಚರ ಸದ್ದು ಬಂದರೆ ಒಣಗಿದೆ. ಒತ್ತಿದಲ್ಲೇ ತಗ್ಗಾಗಿ ಉಳಿದರೆ ತೇವ ಜಾಸ್ತಿ.

ಸಿಗಾರ್ ಇಡಲು ಗಾಳಿಯ ತೇವಾಂಶ ಶೇ 65ರಿಂದ 70ರವರೆಗೆ ಇದ್ದರೆ ಒಳ್ಳೆಯದು. ಮಾರ್ಚ್ ತಿಂಗಳ ಬೆಂಗಳೂರಿನ ಒಣಗಾಳಿಯಲ್ಲಿ, ಅದರಲ್ಲೂ ಎಸಿ ರೂಮಿನಲ್ಲಿ ಬಿಚ್ಚಿಟ್ಟ ಸಿಗಾರ್ ಬೇಗ ಒಣಗುತ್ತದೆ. ಕಲಬುರಗಿಯ ಬೇಸಿಗೆಯ ಮಾತಂತೂ ಬೇಡ. ಜುಲೈ ತಿಂಗಳ ಮಂಗಳೂರಲ್ಲಿ ಇದರ ಉಲ್ಟಾ, ಬೂಷ್ಟು ಹಿಡಿಯುವ ಚಿಂತೆ. ಎರಡಕ್ಕೂ ಪರಿಹಾರ ಒಂದೇ. ಗಾಳಿಯಾಡದ ಡಬ್ಬಿ, ಅದರೊಳಗೆ ಬೊವೆಡಾದಂಥ ತೇವಾಂಶದ ಪೊಟ್ಟಣ. ಪೊಟ್ಟಣದ ಮೇಲೆ 65, 69 ಅಂತ ಅಂಕಿ ಇರುತ್ತದೆ, ಅದು ಕಾಯ್ದುಕೊಳ್ಳುವ ತೇವಾಂಶ ಅಷ್ಟು ಅಂತ ಅರ್ಥ. ಒಣಗಿದ ಸಿಗಾರ್ ಇದರಲ್ಲಿ ಕೆಲವು ವಾರ ಕೂತರೆ ಸಾಕಷ್ಟು ಸುಧಾರಿಸುತ್ತದೆ. ಅವಸರಕ್ಕೆ ನೀರು ಚಿಮುಕಿಸಬೇಡಿ. ಹೊರಗಿನ ಎಲೆ ಉಬ್ಬಿ ಒಡೆಯುತ್ತದೆ, ಒಳಗಿನದು ಒಣಗಿಯೇ ಇರುತ್ತದೆ.

ಗಿಲೊಟಿನ್ ಕಟರ್: ಇಲ್ಲಿಂದಲೇ ಶುರುಮಾಡಿ

ಕಟರ್‌ಗಳಲ್ಲಿ ಹತ್ತಾರು ಬಗೆ ಇವೆ. ಹೊಸಬರು ಎರಡು ಬ್ಲೇಡಿನ ಗಿಲೊಟಿನ್ ತೆಗೆದುಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಂದೇ ಬ್ಲೇಡಿನದೂ ಸಿಗುತ್ತದೆ. ಆದರೆ ಅದು ಒಂದು ಕಡೆಯಿಂದ ಮಾತ್ರ ತಳ್ಳುವುದರಿಂದ ಎದುರು ಬದಿಯ ಎಲೆ ನಜ್ಜುಗುಜ್ಜಾಗುವುದು ಹೆಚ್ಚು. ಎರಡು ಬ್ಲೇಡು ಎರಡೂ ಕಡೆಯಿಂದ ಬಂದು ನಡುವೆ ಸೇರುತ್ತವೆ.

ಮೊದಲಿಗೆ ತಲೆ ಯಾವುದು, ಬುಡ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಕಾಗದದ ಪಟ್ಟಿ ಸಾಮಾನ್ಯವಾಗಿ ತಲೆಯ ಹತ್ತಿರ ಇರುತ್ತದೆ. ಮುಚ್ಚಿರುವುದು ತಲೆ, ಸೊಪ್ಪು ಕಾಣುವುದು ಬುಡ. ನಗಬೇಡಿ, ಬುಡ ಕತ್ತರಿಸಿ ಹೊಗೆ ಬರ್ತಿಲ್ಲ ಅನ್ನುವವರೂ ಇದ್ದಾರೆ.

ಆಮೇಲೆ ಟೋಪಿಯನ್ನು ಒಮ್ಮೆ ತುಟಿಯಿಂದ ಸವರಿ ಸ್ವಲ್ಪ ತೇವ ಮಾಡಿ. ಎಲೆ ಮೆತ್ತಗಾಗಿ ಸೀಳುವುದು ತಪ್ಪುತ್ತದೆ. ಬೇರೆಯವರಿಗೆ ಕತ್ತರಿಸಿ ಕೊಡುವಾಗ ಈ ಉಪಕಾರ ಬೇಡ, ಬೆರಳ ತುದಿಗೆ ಒಂದು ತೊಟ್ಟು ನೀರು ಮುಟ್ಟಿಸಿಕೊಂಡು ಸವರಿದರಾಯಿತು.

ಈಗ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸಿಗಾರ್ ಹಿಡಿಯಿರಿ, ತಲೆಯಿಂದ ಎರಡು ಬೆರಳು ಕೆಳಗೆ. ಅಲ್ಲಾಡಬಾರದು, ಹಾಗಂತ ಹಿಂಡಲೂಬಾರದು. ಬಲಗೈಯಲ್ಲಿ ಕಟರ್. ಎಡಗೈಯವರು ಅದಲು ಬದಲು ಮಾಡಿಕೊಳ್ಳಿ. ತಲೆಯನ್ನು ಕಟರ್‌ನ ತೂತಿಗೆ ತೂರಿಸಿ ಎರಡನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ. ತೊಡೆಯ ಮೇಲಿಟ್ಟುಕೊಂಡು ಮೇಲಿಂದ ನೋಡಿದರೆ ಅಂದಾಜು ತಪ್ಪುತ್ತದೆ. ಪಕ್ಕದಿಂದ ನೋಡಿದರೆ ಮಾತ್ರ ಬ್ಲೇಡು ಭುಜದ ಎಷ್ಟು ಮೇಲಿದೆ ಅಂತ ಕಾಣುವುದು.

ಮುಂದಿನದೇ ಮುಖ್ಯ. ಬ್ಲೇಡುಗಳನ್ನು ಮೆಲ್ಲಗೆ ಮುಚ್ಚುತ್ತಾ ಬನ್ನಿ, ಅವು ಟೋಪಿಗೆ ತಾಗಿದ ತಕ್ಷಣ ನಿಲ್ಲಿಸಿ. ಕತ್ತರಿಸಬೇಡಿ. ಸಿಗಾರ್ ನಡುವಿಗೆ ಇದೆಯಾ? ಬ್ಲೇಡು ಅಡ್ಡಕ್ಕೆ ನೇರವಾಗಿದೆಯಾ, ಓರೆಯಾಗಿದೆಯಾ? ಭುಜದ ಮೇಲೇ ಇದೆಯಾ? ಒಂದೊಂದಾಗಿ ನೋಡಿ ಸರಿಮಾಡಿಕೊಳ್ಳಿ. ಎಲ್ಲ ಸರಿ ಅನಿಸಿದ ಮೇಲೆ ಒಂದೇ ಏಟಿಗೆ, ಟಕ್ ಅಂತ ಮುಚ್ಚಿಬಿಡಿ. ಹೆದರಿ ನಿಧಾನವಾಗಿ ಒತ್ತುತ್ತಾ ಹೋದರೆ ಬ್ಲೇಡು ಎಲೆಯನ್ನು ಕತ್ತರಿಸುವ ಬದಲು ಹಿಂಡುತ್ತದೆ. ನೋಡುವಾಗ ನಿಧಾನ ಇರಲಿ, ಕತ್ತರಿಸುವಾಗ ಬೇಡ.

ಬಿದ್ದ ಚೂರನ್ನು ಕೈಗೆತ್ತಿಕೊಂಡು ನೋಡಿ. ತೆಳ್ಳಗೆ, ದುಂಡಗೆ, ಒಂದು ಬದಿ ಉಬ್ಬಿದ್ದರೆ ಕೆಲಸ ಚೆನ್ನಾಗಾಗಿದೆ. ಸಿಗಾರ್‌ನ ತಲೆಯಲ್ಲಿ ನಡುವೆ ಸೊಪ್ಪಿನ ಮಡಿಕೆಗಳು ಕಾಣಬೇಕು, ಸುತ್ತ ಟೋಪಿಯ ಅಂಚು ನಯವಾಗಿರಬೇಕು. ತಲೆ ಕೆಳಗೆ ಮಾಡಿ ಬೆರಳಲ್ಲಿ ಒಂದೆರಡು ಸಲ ತಟ್ಟಿದರೆ ಸಡಿಲ ಚೂರು ಉದುರುತ್ತವೆ. ಆ ಚೂರುಗಳನ್ನು ಅಲ್ಲೇ ಬಿಟ್ಟುಹೋಗಬೇಡಿ. ನಿಕೋಟಿನ್ ಇರುವ ಸೊಪ್ಪು, ಮನೆಯಲ್ಲಿ ಮಗುವೋ ನಾಯಿಯೋ ಬಾಯಿಗೆ ಹಾಕಿಕೊಂಡರೆ ಕಷ್ಟ.

ಬೆಂಕಿ ಹಚ್ಚುವ ಮುಂಚೆ ಸುಮ್ನೆ ಒಮ್ಮೆ ಗಾಳಿ ಎಳೆದು ನೋಡಿ. ಸ್ವಲ್ಪ ತಡೆ ಇರಬೇಕು. ಕೆನ್ನೆ ಒಳಗೆ ಹೋಗುವಷ್ಟು ಜೋರಾಗಿ ಎಳೆಯಬೇಕಾದರೆ ಬಾಯಿ ಚಿಕ್ಕದಾಯಿತು. ಇನ್ನೊಂದು ಎಳೆಯಷ್ಟು ಕತ್ತರಿಸಿ. ಕಡಿಮೆ ಕತ್ತರಿಸಿದರೆ ಹೀಗೆ ಮತ್ತೊಂದು ಅವಕಾಶ ಇರುತ್ತದೆ.

ಕೈ ನಡುಗುವವರಿಗೆ ಟೇಬಲ್ ಉಪಾಯ

ಕಟರ್ ಬಾಯಿ ತೆರೆದು ಟೇಬಲ್ ಮೇಲೆ ಮಲಗಿಸಿ. ಸಿಗಾರ್‌ನ ತಲೆ ಕೆಳಗೆ ಮಾಡಿ ತೂತಿನೊಳಗೆ ನೆಟ್ಟಗೆ ನಿಲ್ಲಿಸಿ, ತುದಿ ಟೇಬಲ್ ಮುಟ್ಟಲಿ. ಹಾಗೇ ಕತ್ತರಿಸಿ. ಬ್ಲೇಡು ಇರುವುದು ಕಟರ್‌ನ ದಪ್ಪದ ನಡುವೆ. ಆದ್ದರಿಂದ ಬ್ಲೇಡಿನಿಂದ ಟೇಬಲ್‌ವರೆಗೆ ಇರುವಷ್ಟು ಮಾತ್ರ ಹೋಗುತ್ತದೆ, ಅದಕ್ಕಿಂತ ಹೆಚ್ಚು ಹೋಗುವ ದಾರಿಯೇ ಇಲ್ಲ. ತೆಳ್ಳನೆಯ ಕಟರ್‌ಗಳಲ್ಲಿ ಇದು ಸರಿಯಾಗಿ 2 ಮಿ.ಮೀ. ಆಸುಪಾಸು. ನಿಮ್ಮದು ದಪ್ಪಗಿದ್ದರೆ ಮೊದಲು ಸ್ಕೇಲ್ ಇಟ್ಟು ಅಳೆದುಬಿಡಿ, ಅದಕ್ಕಿಂತ ಜಾಸ್ತಿ ಇದ್ದರೆ ಈ ಉಪಾಯ ಬೇಡ. ಹಿಂಬದಿ ಮುಚ್ಚಿರುವ ಕಟರ್‌ಗಳೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಸಿಗಾರ್ ತುದಿ ಹಿಂಬದಿಯ ತಟ್ಟೆಗೆ ತಾಗಿ ನಿಲ್ಲುತ್ತದೆ, ಮುಚ್ಚಿದರಾಯಿತು. ಈ ಎರಡು ಉಪಾಯಗಳೂ ದುಂಡು ತಲೆಯ ಸಿಗಾರ್‌ಗೆ ಮಾತ್ರ.

ಚೂಪು ತಲೆಯ ಟಾರ್ಪಿಡೋ

ಇಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ. ಮಾಂಟೆಕ್ರಿಸ್ಟೋ ನಂಬರ್ 2 ಇಂಥದ್ದೊಂದು ಹೆಸರಾಂತ ಸಿಗಾರ್. ಕೆಳಗೆ 52 ಗೇಜ್ ದಪ್ಪ, ಮೇಲೆ ಹೋಗುತ್ತಾ ಮೊನೆಯಾಗುತ್ತದೆ. ಗೇಜ್ ಅಂದರೆ ಅಡ್ಡಳತೆ, ಒಂದು ಇಂಚಿನ 64ನೇ ಒಂದು ಭಾಗಕ್ಕೆ ಒಂದು ಗೇಜ್. 52 ಅಂದರೆ ಸುಮಾರು 20.6 ಮಿ.ಮೀ. ಮೊನೆಯಾದ ತಲೆಗೆ ಭುಜವೇ ಇಲ್ಲ. 2 ಮಿ.ಮೀ. ಕತ್ತರಿಸಿದರೆ ಸಣ್ಣ ತೂತು ಬೀಳುತ್ತದೆ, ಹೊಗೆ ಬಿಸಿಯಾಗಿ, ಕಹಿಯಾಗಿ ಬರುತ್ತದೆ. ಧೈರ್ಯ ಮಾಡಿ ಒಂದೂವರೆ ಸೆಂಟಿಮೀಟರ್ ಕತ್ತರಿಸಿದರೆ ಟೋಪಿ ಪೂರ್ತಿ ಹೋಗುತ್ತದೆ. ಚೂಪು ತಲೆಗೆ ಅಂತ ಕೊಟ್ಟ ದುಡ್ಡೂ ಅದರ ಜೊತೆಗೇ ಹೋದಂತೆ.

ಹಾಗಾಗಿ ಕಂತಿನಲ್ಲಿ ಕತ್ತರಿಸಿ. ಮೊದಲು 3ರಿಂದ 4 ಮಿ.ಮೀ. ಗಾಳಿ ಎಳೆದು ನೋಡಿ. ಬಿಗಿ ಅನಿಸಿದರೆ ಇನ್ನೊಂದು ಮಿಲಿಮೀಟರ್. ಮತ್ತೆ ಎಳೆದು ನೋಡಿ. ಸಾಮಾನ್ಯವಾಗಿ 6 ಮಿ.ಮೀ. ಆಗುವಷ್ಟರಲ್ಲಿ ಸರಿಹೋಗುತ್ತದೆ. ಕೆಲವರು ಕಟರನ್ನು ಓರೆ ಹಿಡಿದು ಕತ್ತರಿಸುತ್ತಾರೆ, ಕಡಿಮೆ ಉದ್ದಕ್ಕೆ ಬಾಯಿ ದೊಡ್ಡದಾಗುತ್ತದೆ. ಕೈ ಪಳಗಿದ ಮೇಲೆ ಪ್ರಯತ್ನಿಸಬಹುದು.

ಎರಡೂ ಕಡೆ ಚೂಪಾಗಿರುವ ಪರ್ಫೆಕ್ಟೋಗಳಿಗೆ ತಲೆ ಮಾತ್ರ ಕತ್ತರಿಸಿ. ಬುಡ ಮುಚ್ಚಿದಂತೆ ಕಂಡರೂ ಮುಟ್ಟಬೇಡಿ, ಬೆಂಕಿ ತಾಗಿದಂತೆ ಅದು ತೆರೆದುಕೊಳ್ಳುತ್ತದೆ. ಕೊಹಿಬಾ ಲಾನ್ಸೆರೋದಂಥ ಕೆಲವು ಸಿಗಾರ್‌ಗಳ ತಲೆಯಲ್ಲಿ ತಿರುಚಿದ ಪುಟ್ಟ ಜುಟ್ಟು ಇರುತ್ತದೆ. ಅದನ್ನು ಹಿಡಿದು ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಎಳೆದರೆ ಕೆಲವೊಮ್ಮೆ ಟೋಪಿಯೂ ಸುಲಿದುಕೊಂಡು ಬರುತ್ತದೆ. ಜುಟ್ಟಿನ ಸಮೇತ ಭುಜದ ಮೇಲೆ ಕತ್ತರಿಸುವುದೇ ವಾಸಿ.

ಪಂಚ್ ಮತ್ತು ವಿ-ಕಟ್

ಪಂಚ್ ಅಂದರೆ ಹರಿತ ಅಂಚಿನ ಸಣ್ಣ ಕೊಳವೆ. ಟೋಪಿಯ ನಡುವೆ ಇಟ್ಟು, ಮೆಲ್ಲಗೆ ಒತ್ತುತ್ತಾ ತಿರುಗಿಸಿ, ತಿರುಗಿಸುತ್ತಲೇ ಹೊರಗೆ ತೆಗೆಯಬೇಕು. ನಾಲ್ಕೈದು ಮಿ.ಮೀ. ಒಳಗೆ ಹೋದರೆ ಧಾರಾಳ. ಟೋಪಿಯ ಅಂಚಿಗೆ ಏನೂ ಆಗುವುದಿಲ್ಲ, ಹಾಗಾಗಿ ಎಲೆ ಬಿಚ್ಚಿಕೊಳ್ಳುವ ಭಯವೂ ಇಲ್ಲ. ಕೀ ಚೈನ್‌ಗೆ ಸಿಕ್ಕಿಸಿಕೊಂಡು ಓಡಾಡಬಹುದು. ಪಾರ್ತಗಾಸ್ ಸೀರೀ ಡಿ ನಂಬರ್ 4ರಂಥ 50 ಗೇಜ್‌ನ ರೊಬುಸ್ಟೋಗೆ, ಅಂದರೆ ಗಿಡ್ಡ, ದಪ್ಪ ಸಿಗಾರ್‌ಗೆ, ಚೆನ್ನಾಗಿ ಹೊಂದುತ್ತದೆ. 38 ಗೇಜ್‌ನ ಲಾನ್ಸೆರೋ 15 ಮಿ.ಮೀ. ದಪ್ಪ ಅಷ್ಟೇ, ಅದರ ತಲೆಗೆ ಪಂಚ್ ಒತ್ತಿದರೆ ಒಡೆಯಬಹುದು. ಟಾರ್ಪಿಡೋಗೆ ಸಾಧ್ಯವೇ ಇಲ್ಲ. 60 ಗೇಜ್‌ನ ದಪ್ಪ ಸಿಗಾರ್‌ಗೆ ತೂತು ಸಾಲದು, ಹೊಗೆಯ ಟಾರ್ ಅಲ್ಲೇ ಶೇಖರವಾಗಿ ಕೊನೆಕೊನೆಗೆ ನಾಲಿಗೆ ಕಹಿಯಾಗುತ್ತದೆ.

ವಿ-ಕಟ್ ತಲೆಯ ನಡುವೆ ಇಂಗ್ಲಿಷಿನ ವಿ ಅಕ್ಷರದಂಥ ಒಂದು ಕಚ್ಚು ತೆಗೆಯುತ್ತದೆ. ಬಾಯಿ ದೊಡ್ಡದು, ಅಂಚು ಉಳಿಯುತ್ತದೆ, ಸೊಪ್ಪಿನ ಚೂರು ಬಾಯಿಗೆ ಬರುವುದು ಕಡಿಮೆ. ಆದರೆ ಬ್ಲೇಡು ಮೊಂಡಾದರೆ ಗಿಲೊಟಿನ್‌ಗಿಂತ ಕೆಟ್ಟದಾಗಿ ಹರಿಯುತ್ತದೆ, ಸಣ್ಣ ಗೇಜ್‌ನಲ್ಲಿ ತೀರಾ ಆಳಕ್ಕೂ ಹೋಗುತ್ತದೆ. ಸಿಗಾರ್ ಕತ್ತರಿ ನೋಡಲು ಗತ್ತು. ಹೊಸಬರಿಗೆ ಬೇಡ.

ಕಟರ್ ಇಲ್ಲದಿದ್ದರೆ

ಹಲ್ಲಿಂದ ಕಚ್ಚುವುದು ಸಿನಿಮಾದವರಿಗೇ ಇರಲಿ. ಹೊಸ ಶೇವಿಂಗ್ ಬ್ಲೇಡೋ ಹರಿತವಾದ ಚಾಕುವೋ ಇದ್ದರೆ ಸಿಗಾರನ್ನು ಹಲಗೆಯ ಮೇಲಿಟ್ಟು, ಭುಜದ ಮೇಲೆ ಅಂಚು ತಾಗಿಸಿ, ಒತ್ತದೆ ಸಿಗಾರನ್ನೇ ಉರುಳಿಸಿ. ಸುತ್ತ ಸಣ್ಣ ಗೀರು ಬೀಳುತ್ತದೆ. ಮತ್ತೆರಡು ಸುತ್ತು ಉರುಳಿಸಿದರೆ ಟೋಪಿಯ ಮೇಲ್ಭಾಗ ಬಿಲ್ಲೆಯಾಗಿ ಎದ್ದು ಬರುತ್ತದೆ. ಉಗುರಿಂದ ಮೀಟಿದರೆ ಸಾಕು. ಅಡುಗೆಮನೆಯ ಮೊಂಡು ಚಾಕುವಿನಲ್ಲಿ ಗರಗಸದಂತೆ ಕುಯ್ಯಲು ಹೋಗಬೇಡಿ.

ಚುಚ್ಚುವುದೂ ಒಂದು ಹಳೆಯ ದಾರಿ. ವಿನ್‌ಸ್ಟನ್ ಚರ್ಚಿಲ್ ಕಟರ್ ಬಳಸುವ ಬದಲು ತಲೆಯನ್ನು ಒದ್ದೆ ಮಾಡಿ ಉದ್ದನೆಯ ಬೆಂಕಿಕಡ್ಡಿಯಿಂದ ಚುಚ್ಚುತ್ತಿದ್ದರು ಅನ್ನುತ್ತಾರೆ. ಅವರು ಕ್ಯೂಬಾಕ್ಕೆ ಹೋಗಿದ್ದು 1895ರಲ್ಲಿ. ಮರುವರ್ಷವೇ ಸೈನ್ಯದ ಜೊತೆ ಬೆಂಗಳೂರಿಗೆ ಬಂದರು. ಇಲ್ಲಿಯ ಕ್ಲಬ್ಬಿನಲ್ಲಿ ಅವರು ಕಟ್ಟದೇ ಹೋದ 13 ರೂಪಾಯಿ ಬಾಕಿ ಈಗಲೂ ಬೆಂಗಳೂರು ಕ್ಲಬ್‌ನ ದಾಖಲೆಯಲ್ಲಿದೆ. ಅವರಿಗೆ ಚುಚ್ಚಿದರೂ ನಡೆಯಿತು, ನಿಮಗೆ ನಾನು ಹೇಳುವುದಿಲ್ಲ. ಚುಚ್ಚಿದಾಗ ಸೊಪ್ಪು ಹೊರಗೆ ಬರುವುದಿಲ್ಲ, ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ತೂತು ಬೇಗ ಕಟ್ಟಿಕೊಳ್ಳುತ್ತದೆ.

ಅಂದ ಹಾಗೆ ನಮ್ಮ ಕಡೆಯ ಹಳೆಯ ಚುಟ್ಟಾಗಳಿಗೂ ತಮಿಳುನಾಡಿನ ತಿರುಚಿ, ದಿಂಡಿಗಲ್ ಕಡೆಯ ಚೆರೂಟ್‌ಗಳಿಗೂ ಈ ತಲೆನೋವು ಇಲ್ಲ. ಎರಡೂ ತುದಿ ತೆರೆದೇ ಇರುತ್ತವೆ. ಮಿಷಿನ್‌ನಲ್ಲಿ ಮಾಡಿದ ಎಷ್ಟೋ ಸಿಗಾರ್‌ಗಳೂ ಮೊದಲೇ ತೂತು ಹಾಕಿಕೊಂಡೇ ಬರುತ್ತವೆ. ಕತ್ತರಿಸುವ ಮುಂಚೆ ತಲೆಯನ್ನೊಮ್ಮೆ ನೋಡಿ.

ಕೆಟ್ಟರೆ ಏನು ಮಾಡುವುದು?

ಎಲೆ ಬಿಚ್ಚಿಕೊಳ್ಳುತ್ತಿದೆಯಾ? ಬೆರಳು ಒದ್ದೆ ಮಾಡಿ, ಎಲೆ ಸುತ್ತಿದ ದಿಕ್ಕಿನಲ್ಲೇ ನೀವಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಜಾಮ್ ಮಾಡಲು ಬಳಸುವ ಪೆಕ್ಟಿನ್ ಪುಡಿಯನ್ನು ನೀರಲ್ಲಿ ಕಲಸಿ ಒಂದು ಹನಿ ಸವರಿ. ಆಫೀಸಿನ ಗಮ್ ಮಾತ್ರ ಬೇಡವೇ ಬೇಡ, ಬಾಯಿಗಿಡುವ ಜಾಗ ಅದು. ಕಾಗದದ ಪಟ್ಟಿಯನ್ನು ತೆಗೆಯದೆ ಹಾಗೇ ಬಿಡಿ, ಬಿಚ್ಚುವುದು ಅಲ್ಲಿಗಾದರೂ ನಿಲ್ಲುತ್ತದೆ.

ಹೊಗೆ ಬರುತ್ತಿಲ್ಲ ಅಂದರೆ ಒಮ್ಮೆ, ಹೆಚ್ಚೆಂದರೆ ಎರಡು ಸಲ ತೆಳ್ಳಗೆ ಕತ್ತರಿಸಿ ನೋಡಿ. ಆಮೇಲೂ ಬಿಗಿ ಇದ್ದರೆ ತಪ್ಪು ನಿಮ್ಮ ಕಟ್‌ನದಲ್ಲ, ಸುತ್ತುವಾಗ ಒಳಗೆ ಸೊಪ್ಪು ಗಂಟುಕಟ್ಟಿದೆ. ತಲೆ ಕತ್ತರಿಸುತ್ತಾ ಹೋದರೆ ಆ ಗಂಟು ಬಿಡುವುದಿಲ್ಲ. ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಬಹುದು, ಅಷ್ಟೇ.

ಅರ್ಧ ಸೇದಿದ ಮೇಲೆ ತಲೆಯಲ್ಲಿ ಕಪ್ಪು ಜಿಗುಟು ಸೇರಿ ಕಹಿಯಾದರೆ ಒಂದು ಮಿಲಿಮೀಟರ್ ಮತ್ತೆ ಕತ್ತರಿಸಬಹುದು. ಪಂಚ್ ಮಾಡಿದ ಸಿಗಾರ್‌ಗೂ ಈ ಹಂತದಲ್ಲಿ ಗಿಲೊಟಿನ್ ಹಾಕಬಹುದು. ಟೋಪಿಯ ಗೆರೆ ದಾಟಬಾರದು ಅನ್ನುವುದು ಆಗಲೂ ನೆನಪಿರಲಿ.

ಕಟರ್ ಕೊಳ್ಳುವಾಗ

ಮೊದಲು ತೂತಿನ ಅಳತೆ ಕೇಳಿ. ಎಷ್ಟೋ ಕಟರ್‌ಗಳು 54 ಗೇಜ್‌ವರೆಗೆ ಮಾತ್ರ, 60ರದ್ದು ಅದರೊಳಗೆ ಹೋಗುವುದಿಲ್ಲ. ಬ್ಲೇಡು ಸ್ಟೇನ್‌ಲೆಸ್ ಸ್ಟೀಲ್ ಇರಲಿ. ತೆರೆದು ಮುಚ್ಚಿ ನೋಡಿ, ಎರಡು ಬ್ಲೇಡಿನ ನಡುವೆ ಲಡಲಡ ಅಲ್ಲಾಟ ಇದ್ದರೆ ಬೇಡ. ಡಬ್ಬಿಯ ಜೊತೆ ಉಚಿತವಾಗಿ ಬರುವ ಪ್ಲಾಸ್ಟಿಕ್ ಕಟರ್ ಕೆಲವು ಸಲಕ್ಕೆ ಸರಿ, ಅಂಚು ಹರಿಯತೊಡಗಿದ ದಿನ ಎಸೆದುಬಿಡಿ.

ಬಳಸಿದ ಮೇಲೆ ಬ್ಲೇಡಿಗೆ ಅಂಟಿದ ಸೊಪ್ಪಿನ ಜಿಡ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಇಡಿ. ಎಣ್ಣೆ ಹಾಕಬೇಡಿ, ಅದರ ವಾಸನೆ ಮುಂದಿನ ಸಿಗಾರ್‌ಗೆ ಹತ್ತುತ್ತದೆ. ವಿಮಾನದಲ್ಲಿ ಹೋಗುವಾಗ ಕಟರನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯವರು ಬ್ಲೇಡು ಕಂಡು ಅಲ್ಲೇ ಇಟ್ಟುಕೊಳ್ಳಬಹುದು.